ಲೇಹ್‌ಗೆ ಹೊರಡುವ ಮುನ್ನ ಎತ್ತರದ ಲೆಕ್ಕ

ಮುಂಬಯಿಗರು ಲಡಾಖ್ ಪ್ರವಾಸಕ್ಕೆ ಮಳೆಗಾಲವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದರೆ ಲೇಹ್‌ನಲ್ಲಿ ಬೀಳುವುದು ಸುಮಾರು 100 ಮಿಲಿಮೀಟರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತಲ್ಲ, ಲೇಹ್‌ನಲ್ಲಿ ಅಷ್ಟು ಮಳೆಯಾಗಲು ಒಂಬತ್ತು ವರ್ಷವೇ ಬೇಕು. ಮುಂಗಾರಿನ ಮೋಡಗಳನ್ನು ಹಿಮಾಲಯದ ಈಚೆಗಿನ ಸಾಲುಗಳು ತಡೆದು ಹಿಂಡಿಬಿಡುತ್ತವೆ. ಆಚೆ ದಾಟುವ ಹೊತ್ತಿಗೆ ಅವುಗಳಲ್ಲಿ ನೀರೇ ಉಳಿದಿರುವುದಿಲ್ಲ. ಹೀಗಾಗಿ ಕುರ್ಲಾ, ಸಯಾನ್‌ನಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ತಡವಾಗುವ ತಿಂಗಳುಗಳಲ್ಲೇ ಅಲ್ಲಿ ಆಕಾಶ ನೀಲಿಯಾಗಿರುತ್ತದೆ, ರಸ್ತೆಗಳು ತೆರೆದಿರುತ್ತವೆ.

ಲಡಾಖ್ ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. 2009ರಲ್ಲಿ ‘ತ್ರೀ ಈಡಿಯಟ್ಸ್’ ತೆರೆಕಂಡ ಮೇಲೆ ಪ್ಯಾಂಗಾಂಗ್ ಸರೋವರ ಮುಂಬಯಿಯ ಮನೆಮನೆಯ ಕನಸಾಯಿತು. ಈಗ ಡೊಂಬಿವಲಿ, ಮುಲುಂಡ್, ಮೀರಾ ರೋಡ್‌ನ ಯಾವ ಸೊಸೈಟಿಗೆ ಹೋದರೂ ಲಡಾಖ್ ನೋಡಿ ಬಂದ, ಇಲ್ಲವೇ ಹೊರಟು ನಿಂತ ಒಂದು ಕುಟುಂಬವಾದರೂ ಸಿಗುತ್ತದೆ. ಪ್ರವಾಸದ ಮಾತು ಎದ್ದಾಗ ಮೊದಲು ಬರುವ ಪ್ರಶ್ನೆಗಳು ಎರಡು: ರಜೆ ಎಷ್ಟು ದಿನ ಸಿಗುತ್ತದೆ? ಅಷ್ಟರಲ್ಲಿ ಏನೇನು ನೋಡಬಹುದು? ಎರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಮೊದಲ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ, ಎರಡನೆಯ ರಾತ್ರಿ ಎಷ್ಟು, ಮೂರನೆಯ ರಾತ್ರಿ ಎಷ್ಟು? ಈ ಲೆಕ್ಕ ಸರಿಯಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಇದು ತಪ್ಪಿದರೆ ಎಷ್ಟು ಒಳ್ಳೆಯ ಹೋಟೆಲ್ ಹಿಡಿದರೂ ಉಪಯೋಗವಿಲ್ಲ.

ನಾವು ಇರುವುದು ಸಮುದ್ರದ ಅಂಚಿನಲ್ಲಿ. ನಮ್ಮ ಬಹುತೇಕ ಬೀದಿಗಳು ಸಮುದ್ರ ಮಟ್ಟಕ್ಕಿಂತ ಹತ್ತು ಹದಿನೈದು ಮೀಟರ್ ಎತ್ತರದಲ್ಲಿವೆ, ಅಷ್ಟೆ. ಲೇಹ್‌ನ ಕುಶೋಕ್ ಬಕುಲಾ ರಿಂಪೋಚೆ ವಿಮಾನ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ, ಊರು 3,500 ಮೀಟರ್, ಅಂದರೆ ಸುಮಾರು 11,500 ಅಡಿಯಲ್ಲಿ. ನಸುಕಿನಲ್ಲಿ ಮನೆಯಲ್ಲಿ ಕಾಫಿ ಕುಡಿದು ಹೊರಟವರು ಮಧ್ಯಾಹ್ನದೊಳಗೆ ಅಲ್ಲಿ ನಿಂತಿರುತ್ತಾರೆ. ಬುದ್ಧಿ ಅಷ್ಟು ಬೇಗ ಹೋಗಿ ತಲುಪುತ್ತದೆ, ದೇಹ ತಲುಪುವುದಿಲ್ಲ.

ಅಲ್ಲಿನ ಗಾಳಿಯಲ್ಲಿ ಆಮ್ಲಜನಕವೇ ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಆದರೆ ಅದರ ಪ್ರಮಾಣ ಎಲ್ಲೆಡೆ ಒಂದೇ, ಶೇಕಡ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಇಲ್ಲಿನದರ ಸುಮಾರು ಮೂರನೇ ಎರಡು ಭಾಗ, ಖರ್ದೂಂಗ್ ಲಾ ಪಾಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ. ಒತ್ತಡ ಕಡಿಮೆಯಾದಂತೆ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಇದನ್ನು ಕಣ್ಣಾರೆ ಕಾಣಬೇಕೆಂದರೆ ಮುಂಬಯಿಯಿಂದ ಒಯ್ದ ಚಿವ್ಡಾ ಪೊಟ್ಟಣವನ್ನು ಚೀಲದಿಂದ ತೆಗೆದು ನೋಡಿ. ಒಳಗೆ ಸೇರಿಕೊಂಡಿರುವುದು ಕಡಲ ತೀರದ ಗಾಳಿ, ಹೊರಗಿನದು ತೆಳುಗಾಳಿ. ಪೊಟ್ಟಣ ಉಬ್ಬಿ, ಹೊಲಿಗೆ ಬಿಟ್ಟುಹೋದೀತೇನೋ ಎನ್ನುವಷ್ಟು ಬಿಗಿದು ನಿಂತಿರುತ್ತದೆ. ಅಡುಗೆಮನೆಯಲ್ಲೂ ಇದೇ ಕಥೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಇಟ್ಟರೆ ಬೇಯಲು ಬಹಳ ಹೊತ್ತು ಬೇಕು, ಬೇಳೆಗೆ ಇನ್ನೂ ಹೆಚ್ಚು. ಅಲ್ಲಿ ಕುಕ್ಕರ್ ಇಲ್ಲದೆ ಅನ್ನ ಸಾರಿನ ಊಟ ಕಷ್ಟ.

ದೇಹ ಈ ಕೊರತೆಯನ್ನು ತುಂಬಿಕೊಳ್ಳುವ ರೀತಿ ಸೊಗಸಾದದ್ದು. ಅದು ಅರ್ಥವಾದರೆ ಮೊದಲ ಎರಡು ದಿನ ಯಾಕೆ ಸುಮ್ಮನಿರಬೇಕು ಎಂಬುದೂ ಅರ್ಥವಾಗುತ್ತದೆ. ಇಳಿದ ಕ್ಷಣದಿಂದಲೇ ಉಸಿರಾಟ ಚುರುಕಾಗುತ್ತದೆ, ಎದೆಬಡಿತ ಏರುತ್ತದೆ. ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಇದನ್ನು ಗಮನಿಸಿದ ಮಿದುಳು ಉಸಿರಾಟವನ್ನು ನಿಧಾನಗೊಳಿಸಲು ನೋಡುತ್ತದೆ. ಒಂದು ಕಡೆ ಹೆಚ್ಚು ಉಸಿರು ಬೇಕು, ಇನ್ನೊಂದು ಕಡೆ ತಡೆ. ನಿದ್ದೆಯಲ್ಲಿ ಈ ಜಗ್ಗಾಟ ಜಾಸ್ತಿಯಾಗುತ್ತದೆ. ಉಸಿರು ಕೆಲವು ಕ್ಷಣ ನಿಂತಂತಾಗಿ, ಆಮೇಲೆ ಒಮ್ಮೆಲೇ ಎಳೆದುಕೊಂಡು ಎಚ್ಚರವಾಗುತ್ತದೆ. ಪಕ್ಕದಲ್ಲಿ ಮಲಗಿದವರು ಗಾಬರಿಯಾಗುವುದು ಸಹಜ, ಆದರೆ ಹೊಸದಾಗಿ ಮೇಲೇರಿದ ಬಹಳ ಜನರಿಗೆ ಇದು ಆಗುತ್ತದೆ. ಮೂತ್ರಪಿಂಡಗಳು ಎರಡು ಮೂರು ದಿನ ತೆಗೆದುಕೊಂಡು ಹೆಚ್ಚಿನ ಕ್ಷಾರವನ್ನು ಹೊರಗೆ ಹಾಕಿದ ಮೇಲೆ ಉಸಿರಾಟದ ಮೇಲಿನ ತಡೆ ಸಡಿಲವಾಗುತ್ತದೆ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು, ನಮ್ಮ ಪ್ರವಾಸ ಅಷ್ಟರಲ್ಲಿ ಮುಗಿದಿರುತ್ತದೆ. ಅಂದರೆ ಪ್ರವಾಸಿಗನ ಪಾಲಿಗೆ ದೊಡ್ಡ ಆಸರೆ ಮೂತ್ರಪಿಂಡಗಳ ಈ ಎರಡು ಮೂರು ದಿನದ ಕೆಲಸ. ಆ ದಿನಗಳನ್ನು ಕೊಡದೆ ಮೇಲೇರಿದರೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ಸುಸ್ತು, ನಿದ್ದೆ ಬಾರದಿರುವುದು ಶುರುವಾಗುತ್ತದೆ.

ಈ ತಿಳಿವಳಿಕೆಯ ಒಂದು ದೊಡ್ಡ ಪಾಲು ನಮ್ಮ ಸೈನಿಕರು ಪಟ್ಟ ಕಷ್ಟದಿಂದ ಬಂದದ್ದು. 1962ರ ಯುದ್ಧದ ಹೊತ್ತಿನಲ್ಲಿ ಬಯಲಿನ ಸೈನಿಕರನ್ನು ಅವಸರದಲ್ಲಿ ಮೇಲಕ್ಕೆ ಸಾಗಿಸಬೇಕಾಯಿತು. ಇಂದರ್ ಸಿಂಗ್ ಮತ್ತು ಅವರ ಜೊತೆಗಿದ್ದ ಸೇನಾ ವೈದ್ಯರು 1,925 ಸೈನಿಕರಲ್ಲಿ ಕಂಡ ಎತ್ತರದ ಕಾಯಿಲೆಯನ್ನು ದಾಖಲಿಸಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಇಂದಿಗೂ ಜಗತ್ತಿನ ಪರ್ವತ ವೈದ್ಯರು ಆ ಪ್ರಬಂಧವನ್ನು ಓದುತ್ತಾರೆ. ಆಯ್ದು ತೆಗೆದ, ಗಟ್ಟಿಮುಟ್ಟಾದ ತರುಣರೇ ಅಲ್ಲಿ ಹಾಸಿಗೆ ಹಿಡಿದಿದ್ದರು. ಈಗ ಸೇನೆಯ ಪದ್ಧತಿ ಹೀಗಿದೆ: 2,700ರಿಂದ 3,600 ಮೀಟರ್‌ವರೆಗಿನ ಎತ್ತರದಲ್ಲಿ ಆರು ದಿನ ಒಗ್ಗಿಕೊಳ್ಳಬೇಕು, ಅದರಲ್ಲೂ ಮೊದಲ ಎರಡು ದಿನ ಬರೀ ವಿಶ್ರಾಂತಿ. ಅಲ್ಲಿಂದ 4,500 ಮೀಟರ್‌ವರೆಗೆ ಹೋಗಬೇಕಾದರೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ. ಈ ಪಟ್ಟಿಯ ಪಕ್ಕದಲ್ಲಿ ನಮ್ಮ ‘ನಾಲ್ಕು ರಾತ್ರಿ, ಐದು ಹಗಲು’ ಪ್ಯಾಕೇಜ್ ಇಟ್ಟು ನೋಡಿ. ಸೋಮವಾರ ಲೇಹ್, ಮಂಗಳವಾರ ಖರ್ದೂಂಗ್ ಲಾ ಮೇಲಿಂದ ನುಬ್ರಾ ಕಣಿವೆ, ಬುಧವಾರ ಪ್ಯಾಂಗಾಂಗ್. ಸೈನಿಕನಿಗೆ ಕೊಡುವ ಅವಕಾಶವನ್ನು ಮಧುಮೇಹ ಇರುವ ಅಪ್ಪನಿಗೂ ಹತ್ತು ವರ್ಷದ ಮಗಳಿಗೂ ಕೊಡದಿರುವುದು ಅನ್ಯಾಯ. ಅಂಥ ಪ್ಯಾಕೇಜನ್ನು ಯಾರೂ ಕೊಳ್ಳಬಾರದು, ಎಷ್ಟೇ ಅಗ್ಗವಾಗಿದ್ದರೂ ಸರಿ.

ಸಹ್ಯಾದ್ರಿ ಹತ್ತಿದವರಿಗೆ ಒಂದು ಮಾತು ಹೇಳಬೇಕು. ಬೆಟ್ಟ ಹತ್ತುವ ಹವ್ಯಾಸದಲ್ಲಿ ಮುಂಬಯಿಯದು ದೊಡ್ಡ ಪರಂಪರೆ. ಗಿರಿವಿಹಾರ್ ಸಂಸ್ಥೆ 1954ರಿಂದ ಇದೆ. 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್‌ನ ಕಚೇರಿ ಇಂದು ಇರುವುದು ಇದೇ ಊರಿನಲ್ಲಿ. ಹಿಮಾಲಯದ ಮೂಲೆಮೂಲೆ ನಡೆದು ಬರೆದ ಹರೀಶ್ ಕಪಾಡಿಯಾ ಇಲ್ಲಿಯವರೇ. ಪ್ರತಿ ಶನಿವಾರ ರಾತ್ರಿ ಕಸಾರಾ ಲೋಕಲ್ ಹಿಡಿಯುವ ತರುಣರ ಕಾಲಿನ ಬಲ ದೊಡ್ಡದೇ. ಆದರೆ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯೇ 1,646 ಮೀಟರ್, ಲೇಹ್‌ನ ಅರ್ಧದಷ್ಟೂ ಇಲ್ಲ. ಕಾಲು, ಶ್ವಾಸ ಗಟ್ಟಿಯಿದ್ದರೆ ನಡಿಗೆ ಸುಲಭವಾಗುತ್ತದೆ ನಿಜ, ಎತ್ತರದ ಕಾಯಿಲೆಯಿಂದ ಅದು ಕಾಪಾಡುವುದಿಲ್ಲ. ಮ್ಯಾರಥಾನ್ ಓಡಿದವರಿಗೂ ಬರಬಹುದು, ನಿಧಾನವಾಗಿ ನಡೆಯುವ ಅಜ್ಜಿಗೆ ಬಾರದಿರಬಹುದು. ಕಾಲು ಗಟ್ಟಿಯಿದ್ದವರು ಮೊದಲ ದಿನವೇ ಲೇಹ್ ಅರಮನೆಯ ಮೆಟ್ಟಿಲು ಓಡಿ ಹತ್ತಲು ಹೊರಡುವುದರಿಂದ ಅವರಿಗೇ ಅಪಾಯ ಹೆಚ್ಚು ಎಂದರೂ ತಪ್ಪಿಲ್ಲ.

ಭೂಗೋಳದ ಇನ್ನೊಂದು ಸಂಗತಿ ಪ್ರವಾಸದ ಪುಸ್ತಿಕೆಗಳಲ್ಲಿ ಕಾಣುವುದಿಲ್ಲ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಲಡಾಖ್‌ನಲ್ಲಿ ಕೆಳಗಿಳಿಯುವ ದಾರಿ ಮೊದಲು ಮೇಲೇರುತ್ತದೆ. ಪ್ಯಾಂಗಾಂಗ್ ದಂಡೆ ಸುಮಾರು 4,250 ಮೀಟರ್ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಹುಷಾರು ತಪ್ಪಿದವರನ್ನು ಲೇಹ್ ಆಸ್ಪತ್ರೆಗೆ ಕರೆತರುವ ನೇರ ದಾರಿಯಲ್ಲಿ 5,300 ಮೀಟರ್ ಮೀರಿದ ಚಾಂಗ್ ಲಾ ಅಡ್ಡ ಬರುತ್ತದೆ. ನುಬ್ರಾದಿಂದ ಬರಬೇಕೆಂದರೆ ಖರ್ದೂಂಗ್ ಲಾ. ಲೇಹ್‌ನಿಂದಲೇ ರಸ್ತೆಯಲ್ಲಿ ಇಳಿಯೋಣವೆಂದರೆ ಮನಾಲಿ ಕಡೆ 5,300 ಮೀಟರ್‌ನ ತಂಗ್ಲಾಂಗ್ ಲಾ, ಕಾರ್ಗಿಲ್ ಕಡೆ 4,108 ಮೀಟರ್‌ನ ಫೋತು ಲಾ. ಉಳಿದದ್ದು ವಿಮಾನ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುವುದರಿಂದ ಅಲ್ಲಿನ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹಾರುತ್ತವೆ. ಸಂಜೆ ಕಾಯಿಲೆ ಬಿದ್ದವರು ಮರುದಿನದವರೆಗೆ ಕಾಯಬೇಕು. ನೇರಳ್‌ನಿಂದ ಮಾಥೇರಾನ್‌ಗೆ ಹೋದಂತೆ, ಬೇಡವೆನಿಸಿದಾಗ ಇಳಿದು ಬರಲು ಆಗುವುದಿಲ್ಲ. ಅದಕ್ಕೇ ದಿನಗಳ ಲೆಕ್ಕವನ್ನು ಮುಂಬಯಿಯಲ್ಲಿ ಕುಳಿತೇ ಮಾಡಿಕೊಳ್ಳಬೇಕು.

ಹಾಗಾದರೆ ಲೆಕ್ಕ ಹೇಗೆ? ಪರ್ವತ ವೈದ್ಯರು ಒಪ್ಪಿರುವ ಸೂತ್ರ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿಗೆ ಇಳಿದು ಮಲಗುವುದು ಒಳ್ಳೆಯದು. ವಿಮಾನದಲ್ಲಿ ಹೋದವರು ಈ ಸೂತ್ರವನ್ನು ಮೊದಲ ದಿನವೇ ಮುರಿದಿರುತ್ತಾರೆ, ಹಾಗಾಗಿ ಲೇಹ್‌ನ ಮೊದಲ ಎರಡು ದಿನ ಖಾಲಿ ಬಿಡಲೇಬೇಕು. ಹೋಟೆಲಿನ ಅಂಗಳ, ಹತ್ತಿರದ ಮಾರುಕಟ್ಟೆ, ಬೀದಿಬದಿಯಲ್ಲಿ ಏಪ್ರಿಕಾಟ್ ಮಾರುವ ಹೆಂಗಸರು, ಅಷ್ಟು ಸಾಕು. ಮೂರನೆಯ ದಿನ ಶಾಮ್ ಕಣಿವೆಯ ಕಡೆ ಹೋಗಬಹುದು. ನಿಮ್ಮು ಬಳಿ ಸಿಂಧೂ ಮತ್ತು ಝಂಸ್ಕಾರ್ ನದಿಗಳು ಎರಡು ಬಣ್ಣದಲ್ಲಿ ಬಂದು ಕೂಡುತ್ತವೆ. ಆಲ್ಚಿಯ ಹಳೆಯ ಬೌದ್ಧ ಗುಡಿಗಳ ಒಳಗೋಡೆಯ ಚಿತ್ರಗಳ ಮುಂದೆ ಅರ್ಧ ದಿನ ಕಳೆಯಬಹುದು. ಎರಡೂ ಲೇಹ್‌ಗಿಂತ ತಗ್ಗಿನಲ್ಲಿವೆ. ನನ್ನನ್ನು ಕೇಳಿದರೆ, ಐದೇ ದಿನ ರಜೆಯಿರುವವರು ಇಷ್ಟಕ್ಕೇ ತೃಪ್ತಿಪಟ್ಟುಕೊಂಡು ಮರಳಬೇಕು. ಆಲ್ಚಿ ನೋಡಿದವರಿಗೆ ನಷ್ಟವೇನೂ ಇಲ್ಲ.

ಒಂಬತ್ತು ಹತ್ತು ದಿನ ಇರುವವರು ನಾಲ್ಕನೆಯ ದಿನ ಖರ್ದೂಂಗ್ ಲಾ ದಾಟಿ ನುಬ್ರಾಕ್ಕೆ ಹೋಗಲಿ. ಅಲ್ಲಿನ ಡಿಸ್ಕಿಟ್, ಹುಂದರ್ ಊರುಗಳು 3,100 ಮೀಟರ್ ಆಸುಪಾಸಿನಲ್ಲಿವೆ. ಪಾಸ್‌ನ ನೆತ್ತಿಯಲ್ಲಿ ಕೆಲವು ನಿಮಿಷ ನಿಂತು ಇಳಿದುಬಿಟ್ಟರೆ ರಾತ್ರಿ ಮಲಗುವುದು ಲೇಹ್‌ಗಿಂತಲೂ ತಗ್ಗಿನಲ್ಲಿ. ಬಹಳ ವರ್ಷ ಖರ್ದೂಂಗ್ ಲಾ ಫಲಕದ ಮೇಲೆ 18,380 ಅಡಿ ಎಂದಿತ್ತು, ಅಳೆದು ನೋಡಿದಾಗ ಸಿಕ್ಕಿದ್ದು 17,582. ಈಗ ಉಮ್ಲಿಂಗ್ ಲಾ ರಸ್ತೆ 19,024 ಅಡಿಗೆ ಏರಿದೆ. ಇಂಥ ಫಲಕಗಳ ಮುಂದೆ ಫೋಟೊ ತೆಗೆಸಿಕೊಳ್ಳುವುದಕ್ಕಾಗಿಯೇ ಪ್ರವಾಸದ ದಾರಿ ತಿರುಗಿಸುವವರಿದ್ದಾರೆ. ಹಾಗೆ ಮಾಡಬೇಡಿ. ನುಬ್ರಾದಲ್ಲಿ ಎರಡು ರಾತ್ರಿ ಕಳೆದ ಮೇಲೆ ಪ್ಯಾಂಗಾಂಗ್‌ಗೆ ಒಂದು ರಾತ್ರಿ ಕೊಡಬಹುದು. ದಿನಕ್ಕೆ 500 ಮೀಟರ್ ಎಂಬ ಸೂತ್ರವನ್ನು ಇದು ಮೀರುತ್ತದೆ ನಿಜ, ಆದರೆ ಅಷ್ಟರಲ್ಲಿ ಲೇಹ್‌ಗೆ ಬಂದು ಐದು ರಾತ್ರಿ ಕಳೆದಿರುತ್ತದೆ. ಜೊತೆಯಲ್ಲಿ ಹಿರಿಯರು, ಮಕ್ಕಳು ಇದ್ದರೆ ಪ್ಯಾಂಗಾಂಗ್ ನೋಡಿ ಅದೇ ದಿನ ಲೇಹ್‌ಗೆ ಮರಳುವುದು ಮೇಲು. ದಾರಿ ದೂರವೇ, ಆದರೂ ಅಲ್ಲಿನ ಚಳಿಯ ರಾತ್ರಿಗಿಂತ ವಾಸಿ.

ಇನ್ನೂ ಸಮಯವಿದ್ದವರಿಗೆ ಹಾನ್ಲೆ ಇದೆ, ಕನ್ನಡಿಗರಿಗೂ ಮುಂಬಯಿಗರಿಗೂ ಹತ್ತಿರವೆನಿಸಬೇಕಾದ ಜಾಗ. ಅಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ವಿಜ್ಞಾನಿಗಳು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ. ಅದೇ ಬಯಲಿನಲ್ಲಿ ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಕಟ್ಟಿದ 21 ಮೀಟರ್ ವ್ಯಾಸದ ಮೇಸ್ ಗಾಮಾ ಕಿರಣ ದೂರದರ್ಶಕ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ತೇವವಿಲ್ಲದ ಗಾಳಿ, ದೀಪಗಳಿಲ್ಲದ ರಾತ್ರಿ, ಇವುಗಳಿಗಾಗಿಯೇ ಅಷ್ಟು ದೂರ ಹೋಗಿದ್ದಾರೆ. ಇಲ್ಲಿ ಒಂದು ನಕ್ಷತ್ರ ಕಂಡರೂ ಹಬ್ಬವೆನಿಸುವ ನಮಗೆ ಅಲ್ಲಿ ಕ್ಷೀರಪಥ ಕೈಗೆಟುಕುವಂತೆ ಕಾಣುತ್ತದೆ. ಆದರೆ ಹಾನ್ಲೆ ಪ್ರವಾಸದ ಕೊನೆಯ ಭಾಗಕ್ಕೆ ಮಾತ್ರ, ಮೊದಲ ವಾರಕ್ಕೆ ಖಂಡಿತ ಬೇಡ.

ನಿಧಾನವಾಗಿ ಏರುವ ಇನ್ನೊಂದು ದಾರಿ ಈಗ ರೈಲಿನಿಂದಲೂ ಸಾಧ್ಯವಾಗಿದೆ. ಬಾಂದ್ರಾ ಟರ್ಮಿನಸ್‌ನಿಂದ ಸ್ವರಾಜ್ ಎಕ್ಸ್‌ಪ್ರೆಸ್ ಕಟ್ರಾವರೆಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಚೆನಾಬ್ ಸೇತುವೆ ಉದ್ಘಾಟನೆಯಾದ ಮೇಲೆ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ. ಶ್ರೀನಗರ 1,585 ಮೀಟರ್, ಸೋನಮಾರ್ಗ್ ಸುಮಾರು 2,700, ಜೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ ಮತ್ತೆ 2,700ರ ಆಸುಪಾಸು. ಒಂದೊಂದು ರಾತ್ರಿಯೂ ಮೆಟ್ಟಿಲು ಹತ್ತಿದಂತೆ ಏರಿ ಲೇಹ್ ತಲುಪುವ ಹೊತ್ತಿಗೆ ದೇಹ ತಯಾರಾಗಿರುತ್ತದೆ. ಭದ್ರತೆಯ ಸೂಚನೆಗಳನ್ನು ಮಾತ್ರ ಹೊರಡುವ ಮುಂಚೆ ನೋಡಿಕೊಳ್ಳಬೇಕು. ಮನಾಲಿಯ ದಾರಿ ಇದಕ್ಕೆ ತದ್ವಿರುದ್ಧ. 2,050 ಮೀಟರ್‌ನ ಮನಾಲಿಯಿಂದ ಹೊರಟು ಮೊದಲ ರಾತ್ರಿಯೇ 4,200 ಮೀಟರ್ ಮೀರಿದ ಸರ್ಚುವಿನ ಡೇರೆಗಳಲ್ಲಿ ಮಲಗುವುದು ಹಲವರ ರೂಢಿ. ಆ ರಾತ್ರಿಯ ತಲೆನೋವಿನ ಕಥೆ ಹೇಳದ ಬೈಕ್ ಸವಾರರು ಕಡಿಮೆ. ಆ ದಾರಿ ಹಿಡಿದವರು ಸರ್ಚುವಿಗೆ ಮೊದಲೇ ಸಿಗುವ ಜಿಸ್ಪಾದಲ್ಲಿ ಎರಡು ರಾತ್ರಿ ನಿಲ್ಲಲಿ. ಇಲ್ಲವೇ ಹೋಗುವಾಗ ಶ್ರೀನಗರ, ಬರುವಾಗ ಮನಾಲಿ ಮಾಡಿಕೊಳ್ಳಲಿ.

ನಮ್ಮ ಹಲವು ಮನೆಗಳಲ್ಲಿ ಹಿಮಾಲಯದ ಮೊದಲ ಪರಿಚಯ ಲಡಾಖ್‌ನಿಂದ ಆಗಿರುವುದಿಲ್ಲ, ಕೇದಾರನಾಥದಿಂದ ಆಗಿರುತ್ತದೆ. ಅಲ್ಲಿನ ಮುಖ್ಯ ಪುರೋಹಿತರಾದ ರಾವಲರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಹಿಂದಿನವರು ಹರಿದ್ವಾರದಿಂದಲೇ ನಡೆದು, ಚಟ್ಟಿಗಳೆಂಬ ದಾರಿಬದಿಯ ತಂಗುದಾಣಗಳಲ್ಲಿ ಉಳಿಯುತ್ತ, ವಾರಗಟ್ಟಲೆ ಏರುತ್ತಿದ್ದರು. ಒಗ್ಗಿಸಿಕೊಳ್ಳುವ ಕೆಲಸವನ್ನು ದಾರಿಯೇ ಮಾಡಿಬಿಡುತ್ತಿತ್ತು. ಇಂದು ಗುಪ್ತಕಾಶಿ ಕಡೆಯಿಂದ ಹೆಲಿಕಾಪ್ಟರ್ ಕೆಲವೇ ನಿಮಿಷದಲ್ಲಿ 3,583 ಮೀಟರ್ ಎತ್ತರದ ದೇವಸ್ಥಾನದ ಬಳಿ ಇಳಿಸುತ್ತದೆ. ಕಾಲ್ನಡಿಗೆಯವರೂ ಗೌರಿಕುಂಡದಿಂದ ಒಂದೇ ದಿನದಲ್ಲಿ 1,600 ಮೀಟರ್ ಏರುತ್ತಾರೆ. ಹಿರಿಯರನ್ನು ಕರೆದೊಯ್ಯುವವರು ಗುಪ್ತಕಾಶಿಯಲ್ಲೋ ಊಖೀಮಠದಲ್ಲೋ ಎರಡು ರಾತ್ರಿ ನಿಂತು ಹೊರಡಲಿ, ದರ್ಶನವಾದ ಮೇಲೆ ಅಂದೇ ಇಳಿದು ಬರಲು ನೋಡಲಿ. ಕೈಲಾಸ ಮಾನಸ ಸರೋವರ ಯಾತ್ರೆಯಲ್ಲಿ ಸರ್ಕಾರವೇ ದಿಲ್ಲಿಯಲ್ಲಿ ಒಮ್ಮೆ, ಲಿಪುಲೇಖ್ ದಾರಿಯ ಗುಂಜಿಯಲ್ಲಿ ಮತ್ತೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸುತ್ತದೆ. ಅನುಭವದಿಂದ ಬಂದ ಜಾಣತನ ಅದು.

ಔಷಧದ ವಿಷಯ. ಡಯಾಮಾಕ್ಸ್ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾಡುವುದು ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸುವುದನ್ನೇ. ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇಪದೇ ಮೂತ್ರ ಬರುತ್ತದೆ, ಸೋಡಾ ಸಪ್ಪೆಯೆನಿಸುತ್ತದೆ. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹೃದಯ ಶ್ವಾಸಕೋಶದ ಕಾಯಿಲೆಯವರು ವೈದ್ಯರನ್ನು ಕೇಳದೆ ಹೊರಡಲೂಬಾರದು, ಮಾತ್ರೆ ನುಂಗಲೂಬಾರದು. ಮೊದಲ ದಿನಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಬೇಡ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಚೀಲದಲ್ಲಿರಲಿ, ಆದರೆ ಲೇಹ್‌ನಲ್ಲಿ 88, 90 ಕಂಡರೆ ಹೆದರಬೇಡಿ. ಇಲ್ಲಿ ಆಸ್ಪತ್ರೆಗೆ ಓಡಿಸುವ ಆ ಅಂಕಿ ಅಲ್ಲಿ ಹೊಸಬರಿಗೆ ಮಾಮೂಲು. ಅಂಕಿಗಿಂತ ಮನುಷ್ಯನನ್ನು ನೋಡಿ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಗಫ, ನೀಲಿಗಟ್ಟಿದ ತುಟಿ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತಡವರಿಸಿದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲಾಗದೆ ವಾಲಿದರೆ ಮಿದುಳು ಊದಿಕೊಳ್ಳುತ್ತಿದೆ. ಎರಡರಲ್ಲೂ ಬೆಳಗಾಗಲಿ ಎಂದು ಕಾಯಬಾರದು. ಆಮ್ಲಜನಕ ಕೊಟ್ಟು ಲೇಹ್‌ನ ಸೋನಂ ನೊರ್ಬು ಸ್ಮಾರಕ ಆಸ್ಪತ್ರೆಗೋ, ಹತ್ತಿರದ ಸೇನಾ ವೈದ್ಯರ ಬಳಿಗೋ ಕೂಡಲೇ ಒಯ್ಯಬೇಕು.

ಉಳಿದ ತಯಾರಿ ಬೇಗ ಮುಗಿಯುವಂಥದ್ದು. ಎರಡು ತಿಂಗಳು ಮುಂಚಿನಿಂದ ಬೊರಿವಲಿಯ ಕನ್ಹೇರಿ ರಸ್ತೆಯಲ್ಲೋ ಠಾಣೆಯ ಯೆವೂರಿನಲ್ಲೋ ನಡೆಯಿರಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. ಪರಿಸರ ಶುಲ್ಕ, ಪರವಾನಗಿಯ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ತಂಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು ಮರೆಯಬೇಡಿ. ನೀರನ್ನು ಮಾತ್ರ ನೋಡಿ ಬಳಸಿ. 2011ರ ಜನಗಣತಿಯಂತೆ ಇಡೀ ಲಡಾಖ್‌ನ ಜನ 2.74 ಲಕ್ಷ, ಕೆಲವು ವರ್ಷ ಬರುವ ಪ್ರವಾಸಿಗರು ಅದನ್ನೂ ಮೀರುತ್ತಾರೆ. ಅವರ ಹೊಲಕ್ಕೂ ನಮ್ಮ ಬಕೆಟ್ ಸ್ನಾನಕ್ಕೂ ಬರುವುದು ಅದೇ ಹಿಮ ಕರಗಿದ ನೀರು.

ಟಿಕೆಟ್ ಕಾಯ್ದಿರಿಸುವ ಮುನ್ನ ಒಂದು ಹಾಳೆ ತೆಗೆದುಕೊಂಡು ಪ್ರತಿ ರಾತ್ರಿಯ ಊರಿನ ಮುಂದೆ ಅದರ ಎತ್ತರ ಬರೆಯಿರಿ. ಮೊದಲ ಎರಡು ಸಾಲು ಲೇಹ್ ಅಥವಾ ಅದಕ್ಕಿಂತ ತಗ್ಗಿನ ಊರಾಗಿರಬೇಕು, 4,000 ಮೀಟರ್ ಮೀರಿದ ಊರು ನಾಲ್ಕನೆಯ ಸಾಲಿಗಿಂತ ಮೊದಲು ಬರಬಾರದು. ಏಜೆಂಟ್ ಕೊಟ್ಟ ಪಟ್ಟಿ ಹಾಗಿಲ್ಲದಿದ್ದರೆ ಬದಲಾಯಿಸಿಕೊಡಲು ಹೇಳಿ. ಅವರು ಒಪ್ಪದಿದ್ದರೆ ಏಜೆಂಟನ್ನೇ ಬದಲಾಯಿಸಿ.